ನನ್ನ ಹೊಟ್ಟೆಯನ್ನು ತಿಂದದ್ದು ಯಾರು

ಹುವಾಮಾಂತ್ಲಾ
ಫೆಬ್ರವರಿ ೯, ಭಾನುವಾರ

ಕೊಂಪಾದ್ರೆ ಎಪಿಫಾನಿಯೋ,

ಅಲ್ಲ ಕಣಯ್ಯ, ತಪ್ಪು ನಿನ್ನದಲ್ಲವೆಂದು ನಾನಿನ್ನೂ ಪೂರ್ತಿ ಒಪ್ಪಿಲ್ಲ. ಎರಡು ವರ್ಷ ಮಾತು ಬಿಟ್ಟವನು ನಿನ್ನೆ ತಾನೇ ಹರಟಿ ಎದ್ದವನ ಹಾಗೆ ಶುರುಮಾಡಿದೆನಲ್ಲ, ಕ್ಷಮಿಸು. ನನ್ನ ಮಗಳ ಜ್ಞಾನಸ್ನಾನದಲ್ಲಿ ಜ್ಞಾನತಂದೆಯಾಗಿ ನಿಂತು ನನಗೆ ಕೊಂಪಾದ್ರೆ ಆದವನು ನೀನು, ಮೊದಲು ಕುಶಲ ಕೇಳಬೇಕಿತ್ತು. ಚೆನ್ನಾಗಿದ್ದೀಯಾ?

ನನ್ನ ಹೊಟ್ಟೆ ಚೆನ್ನಾಗಿಲ್ಲ. ವಾದ್ಯಮೇಳದಿಂದ ನನ್ನನ್ನು ಬಿಡಿಸುವಾಗ ಎಲ್ಲರೆದುರು ನೀನು ಏನಂದೆ ನೆನಪಿದೆಯೇ? "ತಿಬುರ್ಸಿಯೋ, ನಿನ್ ಕ್ಲಾರಿನೆಟ್‌ಗಿಂತ ನಿನ್ ಮಂಡಿ ಜೋರಾಗಿ ಕೂಗತ್ತೆ. ಮೆರವಣಿಗೇಲಿ ನಡಿಯೋದು ನಿನ್ ಕೈಲಾಗಲ್ಲ, ಮನೇಲಿರು." ಅದಾಗಿ ಸ್ವಲ್ಪ ದಿನಕ್ಕೇ ಉರಿ ಹತ್ತಿಕೊಂಡಿತು. ಸಿಟ್ಟು ನುಂಗಿದರೆ ಪಿತ್ತ ಕೆರಳಿ ಹೊಟ್ಟೆ ಸುಡುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನಾದಿನಿ ಕ್ಲೆಯೋಫಾಸ್ ಕಹಿ ಕಷಾಯ ಕುಡಿಸಿ, "ಮೊಟ್ಟೆ, ಬೆಣ್ಣೆಹಣ್ಣು ಮುಟ್ಬೇಡಿ ಭಾವ, ಆ ಎಪಿಫಾನಿಯೋ ಹೆಸರಂತೂ ಎತ್ಲೇಬೇಡಿ" ಎಂದಳು. ಮೂರನ್ನೂ ಬಿಟ್ಟೆ. ಉರಿ ನನ್ನನ್ನು ಬಿಡಲಿಲ್ಲ.

ಕಳೆದ ವಾರ ಆಸ್ಪತ್ರೆಯಲ್ಲಿ ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು. ಡಾಕ್ಟರು ಸಣ್ಣ ಹುಡುಗಿ. "ತಾತ, ಹೊಟ್ಟೆಯ ಒಳಗಿನ ಲೈನಿಂಗ್ ಅಲ್ಲಲ್ಲಿ ಸವೆದಿದೆ" ಎಂದಳು. ಲೈನಿಂಗ್ ಎಂದರೆ ಕೋಟಿನ ಒಳಬಟ್ಟೆ ಎಂದು ಕಾಲೇಜಿನ ಇಂಗ್ಲಿಷ್ ಪಾಠದಲ್ಲಿ ಓದಿದ್ದೆ. ಅಲ್ಲಿ ಮೋಡಕ್ಕೂ ಒಂದು ಬೆಳ್ಳಿಯ ಲೈನಿಂಗ್ ಇತ್ತು, ಯಾಕೆಂದು ಮರೆತೆ.

"ಯಾವ ಮಾತ್ರೆ ತಗೋತೀರ?"

"ಮಂಡಿ ನೋವಿಗೆ ಒಂದು, ಅಷ್ಟೇ. ಅಂಗಡೀದು."

"ಅದೇ ನಿಮ್ಮ ಹೊಟ್ಟೇನ ತಿಂದಿರೋದು."

"ಸಿಟ್ಟಲ್ವೇನಮ್ಮ?"

"ಸಿಟ್ಟಿಗೆ ಇಷ್ಟು ಹಲ್ಲಿಲ್ಲ ತಾತ."

ಆ ಮಾತ್ರೆ ನಿಲ್ಲಿಸಿದಳು, ಬೇರೆ ಕ್ಯಾಪ್ಸೂಲ್ ಕೊಟ್ಟಳು. ಪುಲ್ಕೆ ಹೆಂಡ ಕುಡಿಯಕೂಡದು, ಕಪ್ಪು ಕಾಫಿಯೂ ಸಲ್ಲದು. ಹೊಟ್ಟೆಯಲ್ಲಿ ಹುಣ್ಣು ಮಾಡುವ ಕ್ರಿಮಿ ಇದೆಯೋ ಎಂದೂ ಪರೀಕ್ಷೆಗೆ ಕಳಿಸಿದ್ದಾಳೆ. ಮಲ ಟಾರಿನಂತೆ ಕಪ್ಪಗಾದರೆ ತಕ್ಷಣ ಓಡಿ ಬರಬೇಕಂತೆ, ಈ ಮಂಡಿಯಲ್ಲಿ!

ನನಗೆ ಅರ್ಥವಾಗದ್ದು ಇಷ್ಟು. ನಿನ್ನ ಬೀದಿಯಲ್ಲಿ ಕುಂಟದೆ ನಡೆದು ತೋರಿಸಬೇಕೆಂದೇ ನಾನು ಆ ಮಾತ್ರೆ ಶುರುಮಾಡಿದ್ದು. ಹಾಗಾದರೆ ತಿಂದದ್ದು ಮಾತ್ರೆಯೋ, ನೀನೋ, ನಾನೋ? ಕೇಳಿದರೆ ಆ ಹುಡುಗಿ ನಕ್ಕುಬಿಟ್ಟಳು. ಇಷ್ಟು ದಿನ ಹೊತ್ತ ಸಿಟ್ಟನ್ನು ಈಗ ಎಲ್ಲಿ ಇಳಿಸಲಿ, ಹೇಳು.

ನಿನ್ನ ಮನೆಯವರೆಲ್ಲ ನೂರು ಕಾಲ ಸುಖವಾಗಿರಲಿ. ನಿನ್ನ ಹೊಟ್ಟೆಯೂ ತಣ್ಣಗಿರಲಿ.

ನಿನ್ನ
ತಿಬುರ್ಸಿಯೋ

ಮರೆತದ್ದು: ಮಾತ್ರೆಯನ್ನು ಬರಿಹೊಟ್ಟೆಗೆ ನುಂಗುತ್ತಿದ್ದಿರಾ ಎಂದೂ ಅವಳು ಕೇಳಿದಳು. "ಇಲ್ಲಮ್ಮ, ತಿಂಡಿ ಆದ್ಮೇಲೇ" ಎಂದುಬಿಟ್ಟೆ. ನನ್ನಾಕೆ ಒಬ್ದುಲಿಯಾ ತೀರಿಕೊಂಡ ಮೇಲೆ ಬೆಳಗ್ಗೆ ನಾನು ಒಲೆ ಹಚ್ಚಿಯೇ ಇಲ್ಲ, ಎಪಿಫಾನಿಯೋ. ಒಬ್ಬನಿಗೆ ಎಷ್ಟು ರೊಟ್ಟಿ ಬಿಸಿಮಾಡಬೇಕೆಂದೇ ತಿಳಿಯುವುದಿಲ್ಲ. ಈಗ ಕ್ಯಾಪ್ಸೂಲ್ ನುಂಗಿ ತಿಂಡಿಗೆ ಅರ್ಧ ಗಂಟೆ ಕಾಯಬೇಕಂತೆ. ಕಾಯುತ್ತೇನೆ. ತಿನ್ನಲು ಯಾರೂ ಕರೆಯುವುದಿಲ್ಲ, ಹಾಗೇ ಎದ್ದು ಹೊರಗೆ ಹೋಗುತ್ತೇನೆ. ನೀನು ಯಾವತ್ತಾದರೂ ಬೆಳಗ್ಗೆ ಈ ಕಡೆ ಬಂದರೆ, ಇಬ್ಬರಿಗೆ ಎಷ್ಟು ರೊಟ್ಟಿ ಬೇಕೆಂದು ನನಗೆ ಗೊತ್ತು. ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ.