ಅಳಿಸಬೇಡಿ ಎಂದು ಬರೆದ ಕ್ಯಾಸೆಟ್ಟು

ಎರೆಮುಚ್ಚಳ್ಳಿ,
ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ.
(ನಿಮ್ಮ ಲೆಕ್ಕದಲ್ಲಿ ೨೧೩೯.)

ಮದುವೆಯ ಕ್ಯಾಸೆಟ್ಟುಗಳನ್ನು ಇನ್ನೂ ಬಿಸಾಡದೆ ಇಟ್ಟುಕೊಂಡಿರುವ ಹಿರಿಯರಿಗೆ,

ಈ ಕತೆಯನ್ನು ಮೊದಲು ಹೇಳಿದವಳು ನಮ್ಮೂರ ಕೊಟ್ರವ್ವ. ಹೇಳಿದ್ದು ಮೂರು ವರ್ಷದ ಹಿಂದೆ, ಸಜ್ಜೆ ಒಕ್ಕುವ ಕಾಲದಲ್ಲಿ, ಕಣದ ಬದಿಯ ಬೇವಿನ ನೆರಳಿನಲ್ಲಿ ಕುಳಿತು. ಆಗ ಅವಳಿಗೆ ಎಂಬತ್ತೊಂದು. ತಾನು ಐವತ್ತರವಳಿದ್ದಾಗ ಕಣ್ಣಾರೆ ಕಂಡದ್ದು ಎಂದಳು. ಕೇಳಿದ ಮೇಲೆ ನನಗೊಂದು ಗೊಂದಲ ಹತ್ತಿಕೊಂಡಿತು, ಇನ್ನೂ ಬಿಟ್ಟಿಲ್ಲ. ಊರಿನವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕ್ಯಾಸೆಟ್ಟು ನಿಮ್ಮ ಕಾಲದ್ದು, ನೀವು ಸಿಡಿ ಎನ್ನುವ ತಟ್ಟೆಯೂ ನಿಮ್ಮ ಕಾಲದ್ದು, ಗಾಳಿಚಿತ್ರ ಹುಟ್ಟಿದ್ದೂ ನಿಮ್ಮ ಕಣ್ಣೆದುರಿಗೇ. ಮೂರರಲ್ಲಿ ಯಾವುದು ಮೇಲು ಎಂಬುದು ನಿಮಗಾದರೂ ಗೊತ್ತಿರಬಹುದು ಎಂದು ಬರೆಯುತ್ತಿದ್ದೇನೆ.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ. ಮಳೆಗಳು ತಮ್ಮ ಜಾಗ ಬಿಟ್ಟು ಕದಲಿದ ಮೇಲೆ ನಮ್ಮ ಹಿರಿಯರು ಪಂಚಾಂಗವನ್ನು ಕಳಚಿ ಮತ್ತೆ ಕಟ್ಟಿದರು. ನಕ್ಷತ್ರಕ್ಕೊಂದರಂತೆ ತಿಂಗಳಿಗೆ ಇಪ್ಪತ್ತೇಳು ದಿನ. ಮಿಕ್ಕ ನಲವತ್ತೊಂದು ದಿನವನ್ನು ಹದಿಮೂರನೆಯ ತಿಂಗಳಿಗೆ ಸುರಿದರು. ಹೊಲದ ಕೆಲಸವಿಲ್ಲದ ತಿಂಗಳು ಅದು, ಮದುವೆಗಳೆಲ್ಲ ಅದರಲ್ಲೇ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದ ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಪತ್ರ ಹಿಂದಕ್ಕೆ ಹೇಗೆ ಬಂತೆಂದು ಮಾತ್ರ ಕೇಳಬೇಡಿ. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಬಹುದಾಗಿತ್ತಂತೆ, ಹಾಗೆಯೇ ಕಾಲವನ್ನೂ ಸುತ್ತಬಹುದು ಎಂದು ನಮ್ಮ ಟಪಾಲಿನವನು ನಂಬಿದ್ದಾನೆ. ನಾನು ಅವನ ಕೈಗೆ ಕೊಟ್ಟಿದ್ದೇನೆ, ಅಷ್ಟೆ.

ನಮ್ಮ ದಿನಗಳು ನೀವು ಅಂದುಕೊಂಡಷ್ಟು ಬೇರೆಯಲ್ಲ. ಮಾಳಿಗೆಗಳ ಮೇಲೆ ಬಿಸಿಲುಗಂಬಳಿ ಹಾಸಿರುತ್ತೇವೆ. ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ದೀಪ ಉರಿಸುತ್ತದೆ. ನೀರಿನ ಪಾಳಿ ಬಂದಾಗ ಗಂಟೆ ಮೊಳಗುತ್ತದೆ. ನಿದ್ದೆಗಣ್ಣಿನವರು ಬೈದುಕೊಂಡು ಏಳುತ್ತಾರೆ. ರೊಟ್ಟಿಯನ್ನು ಯಂತ್ರ ಮಾಡುತ್ತದೆ. ಮೊದಮೊದಲು ಅದು ಸದ್ದಿಲ್ಲದೆ ಮಾಡುತ್ತಿತ್ತು, ಆ ರೊಟ್ಟಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ಕೊನೆಗೆ ಯಂತ್ರಕ್ಕೆ ರೊಟ್ಟಿ ಬಡಿಯುವ ಸಪ್ಪಳ ಕಲಿಸಿದರು. ಈಗ ಅದು ಸುಮ್ಮನೆ ಪಟಪಟ ಎನ್ನುತ್ತದೆ, ನಾವು ಉಣ್ಣುತ್ತೇವೆ. ಗಾಳಿಚಿತ್ರ ಎಂದರೆ, ಯಾರ ಮನೆಯಲ್ಲೂ ಇಡದ ಚಿತ್ರ. ಗೋಡೆಯ ಮುಂದೆ ನಿಂತು ‘ನಮ್ಮಜ್ಜನ ಮದುವೆ ತೋರಿಸು’ ಎಂದರೆ ಸಾಕು, ಗೋಡೆ ತುಂಬ ಬರುತ್ತದೆ. ಬಣ್ಣ ಮಾಸುವುದಿಲ್ಲ, ಧೂಳು ಕೂರುವುದಿಲ್ಲ. ಒಂದೇ ಗುಣ ಅದರದ್ದು: ಖಾಲಿ ಜಾಗ ಕಂಡರೆ ಸಹಿಸದು. ಹರಿದಲ್ಲಿ ತೇಪೆ ಹಾಕುತ್ತದೆ, ಆ ತೇಪೆ ಕಣ್ಣಿಗೆ ಕಾಣಿಸುವುದೂ ಇಲ್ಲ.

ಇನ್ನು ಕತೆ.

ಊರಲ್ಲಿ ಹಗೇವಿನ ಮನೆ ಎಂದು ಒಂದಿದೆ. ಹಗೇವು ಎಂದರೆ ನಿಮಗೆ ಗೊತ್ತು, ಜೋಳ ತುಂಬುವ ನೆಲಗುಣಿ. ಆ ಮನೆಯ ಅಣ್ಣತಮ್ಮಂದಿರಿಬ್ಬರಿಗೆ ಅಕ್ಕತಂಗಿಯರನ್ನೇ ತಂದಿದ್ದರು. ಅಕ್ಕ ಫಕೀರವ್ವ, ತಂಗಿ ಬಸಲಿಂಗವ್ವ. ಮಕ್ಕಳು ದೊಡ್ಡವರಾದ ಮೇಲೆ ನಡುವೆ ಗೋಡೆ ಎದ್ದಿತು. ಆದರೂ ತಲೆಬಾಗಿಲು ಒಂದೇ, ಹೊಸ್ತಿಲು ಒಂದೇ. ಸೊಸೆ ಹೊಸ್ತಿಲು ದಾಟುವಾಗ ಹಾಡಲು ಒಂದು ಮನೆಹಾಡು ಇತ್ತು. ಐದು ತಲೆಮಾರು ಹಿಂದೆ ದುರಗವ್ವ ಎಂಬ ಮುದುಕಿ ಹಾಡಿದ್ದು. ಎಲ್ಲ ನುಡಿಯೂ ಎಲ್ಲರಿಗೂ ಬರುತ್ತಿತ್ತು, ಕೊನೆಯ ನುಡಿ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು:

ಸೇರಕ್ಕಿ ಒದ್ದು ಬಾ, ಬಲಗಾಲ ಇಟ್ಟು ಬಾ,
ಹಗೇವಿನ ಜೋಳ ಅಳೆವಾಕಿ, ನನ ಮಗಳ,
ತವರೂರ ದಾರಿ…

ಮುಂದಿನದು ಯಾರಿಗೂ ನೆನಪಿರಲಿಲ್ಲ. ಫಕೀರವ್ವ ಗಾಳಿಚಿತ್ರವನ್ನು ಕೇಳಿದಳು. ದುರಗವ್ವ ಗೋಡೆಯ ಮೇಲೆ ಬಂದು ‘ತವರೂರ ದಾರಿ ಮರಿಬ್ಯಾಡ, ವರುಷಕ ಎರಡು ಸಲ ಹೋಗಿ ನಗತಾ ಬಾ’ ಎಂದು ಹಾಡಿ ಮುಗಿಸಿದಳು. ಮೂವರು ಹೆಣ್ಣುಮಕ್ಕಳನ್ನು ಕೊಟ್ಟು ಕಳಿಸಿದ್ದ ಫಕೀರವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮರುವಾರ ಬಸಲಿಂಗವ್ವ ತನ್ನ ಕಡೆಯ ಗೋಡೆಯಲ್ಲಿ ಕೇಳಿದಳು. ಅವಳಿಗೆ ಹೆಣ್ಣುಮಕ್ಕಳಿಲ್ಲ, ನಾಲ್ವರು ಸೊಸೆಯಂದಿರು, ನಾಲ್ವರೂ ಮಾತುಮಾತಿಗೆ ತವರಿಗೆ ಹೊರಡುವವರು. ಅದೇ ದುರಗವ್ವ, ಅದೇ ದನಿ: ‘ತವರೂರ ದಾರಿ ನೆನಿಬ್ಯಾಡ, ಈ ಮನಿಯ ಮಣ್ಣಾಗ ಬೇರ ಬಿಡು ಮಗಳ.’

ಗಾಳಿಚಿತ್ರ ಕೇಳಿದವರ ಮನಸ್ಸು ನೋಡಿ ತೇಪೆ ಹಾಕುತ್ತದೆ ಎಂಬುದು ಆಗ ಯಾರಿಗೆ ಗೊತ್ತು? ಅಕ್ಕ ತಂಗಿಯನ್ನು ಸುಳ್ಳಿ ಎಂದಳು. ತಂಗಿ ಅಕ್ಕನನ್ನು ಹಾಡುಗಳ್ಳಿ ಎಂದಳು. ಮಾತು ನಿಂತಿತು. ಹನ್ನೊಂದು ವರ್ಷ. ಹೇಳಲೇಬೇಕಾದದ್ದನ್ನು ಫಕೀರವ್ವ ಹಿತ್ತಲಿನ ಎಮ್ಮೆಗೆ ಹೇಳುತ್ತಿದ್ದಳು, “ಏ ಎಮ್ಮಿ, ನೀರಿನ ಪಾಳಿ ನಾಳೆ ಐತಂತ, ಕೇಳಬೇಕಾದವ್ರು ಕೇಳ್ಕೋರಿ.” ತಂಗಿಯ ಗಂಡ ತೀರಿಕೊಂಡ ದಿನವೂ ಅಕ್ಕ ಗೋಡೆಯ ಆಚೆ ನಿಂತಳೇ ಹೊರತು ಈಚೆ ಬರಲಿಲ್ಲ.

ಹೀಗಿರುವಾಗ ಫಕೀರವ್ವನ ಮಗನ ಮಗನಿಗೆ ಕೊಟ್ರವ್ವನ ಅಣ್ಣನ ಮಗಳು ಹಂಪವ್ವನನ್ನು ಗೊತ್ತು ಮಾಡಿದರು. ನಿಶ್ಚಯದ ದಿನ ಹುಡುಗಿ ತನ್ನ ಸೋದರತ್ತೆಯನ್ನು ಪಕ್ಕಕ್ಕೆ ಕರೆದು ಹೇಳಿದಳಂತೆ:

“ಅತ್ತಿ, ಒಂದ ಹೊಸ್ತಿಲಕ್ಕ ಎರಡ ಹಾಡಂತಲ್ಲ. ಒಬ್ಬಾಕಿ ಹೋಗಿ ಬಾ ಅಂತಾಳ, ಇನ್ನೊಬ್ಬಾಕಿ ಹೋಗಬ್ಯಾಡ ಅಂತಾಳ. ನಾ ಯಾವ ಕಾಲ ಇಡ್ಲಿ? ಇಬ್ರೂ ಕೂಡಿ ಹಾಡಿದ್ರ ಒಳಗ ಬರತೀನಿ. ಇಲ್ಲಾಂದ್ರ ಬಂದ ಬಂಡ್ಯಾಗ ಹೊಳ್ಳಿ ಹೋಗತೀನಿ.”

ಕೊಟ್ರವ್ವ ಆ ಮಾತನ್ನು ಹೊತ್ತು ತಂದಳು. ಹಗೇವಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಹೊಸ್ತಿಲವರೆಗೆ ಬಂದ ಸೊಸೆ ಹಿಂದಿರುಗಿದ್ದು ಆ ಮನೆಯ ಇತಿಹಾಸದಲ್ಲೇ ಇರಲಿಲ್ಲ.

ಆಗ ಫಕೀರವ್ವನಿಗೆ ನೆನಪಾದದ್ದು ದುರಗವ್ವ ಹಾಡಿದ ಮದುವೆಯ ಕ್ಯಾಸೆಟ್ಟು. ಹಗೇವಿನೊಳಗೆ ಬಟ್ಟೆ ಸುತ್ತಿಟ್ಟ ಕಪ್ಪು ಡಬ್ಬಿ. ಮೇಲೆ ಅಂಟಿಸಿದ ಕಾಗದದಲ್ಲಿ ಪೆನ್ನಿನಿಂದ ‘ಮದುವೆ ೧೯೯೨. ಅಳಿಸಬೇಡಿ’ ಎಂದು ಬರೆದಿತ್ತು. ಅದರೊಳಗೆ ಏನಿದೆ ಎಂದು ನಾಲ್ಕು ತಲೆಮಾರಿನವರು ನೋಡಿರಲಿಲ್ಲ. ಖಂಡೇ ಪೂಜೆಯ ದಿನ ಕುಡಗೋಲು, ಕೊಡಲಿಗಳ ಜೊತೆ ಅದನ್ನೂ ಇಟ್ಟು ಪೂಜೆ ಮಾಡುವುದು ಮಾತ್ರ ತಪ್ಪಿರಲಿಲ್ಲ. ಹಿರಿಯರಿರುವ ಡಬ್ಬಿ ಎಂದು ಅದರ ಬಾಯಿ ತೆರೆದು, ಒಳಗಿನ ರೀಲಿಗೇ ಕುಂಕುಮ ಹಚ್ಚುತ್ತಿದ್ದರು. ವರ್ಷಕ್ಕೊಂದು ಚಿಟಿಕೆ, ನೂರಕ್ಕೂ ಹೆಚ್ಚು ವರ್ಷ.

ತಟ್ಟೆಯೂ ಒಂದಿತ್ತು. ಕ್ಯಾಸೆಟ್ಟಿನಿಂದ ನಿಮ್ಮ ಕಾಲದಲ್ಲೇ ಪೇಟೆಯವನೊಬ್ಬ ಇಳಿಸಿಕೊಟ್ಟದ್ದು. ಗಾಳಿಚಿತ್ರ ಮಾಡಿದ್ದು ಆ ತಟ್ಟೆಯಿಂದಲೇ. ಆಮೇಲೆ ತಟ್ಟೆ ಗೀರು ಬಿದ್ದು ಕುರುಡಾಯಿತು. ಅದನ್ನು ಜೋಳದ ಹೊಲದಲ್ಲಿ ದಾರ ಕಟ್ಟಿ ತೂಗುಹಾಕಿದ್ದರು. ಗಾಳಿಗೆ ತಿರುಗಿ ಮಿಂಚುತ್ತಿತ್ತು, ಗಿಳಿಗಳು ಹೆದರುತ್ತಿದ್ದವು. ಕೆಲಸಕ್ಕೆ ಬಾರದ್ದು ಎನ್ನುವಂತಿಲ್ಲ.

ಕ್ಯಾಸೆಟ್ಟನ್ನು ಪಂಪು ರಿಪೇರಿ ಮಾಡುವ ಮೈಲಾರಪ್ಪನಲ್ಲಿಗೆ ಒಯ್ದರು. ಅವನ ಹಿರಿಯರು ಮದುವೆಗಳಿಗೆ ವಿಡಿಯೊ ತೆಗೆಯುತ್ತಿದ್ದವರು. ಅವರ ಒಂದು ಆಟದ ಪೆಟ್ಟಿಗೆ, ನೀವು ವಿಸಿಆರ್ ಎನ್ನುತ್ತಿದ್ದದ್ದು, ಅವನ ಮನೆಯ ಗೂಡಿನಲ್ಲಿತ್ತು. ಅವನು ಡಬ್ಬಿ ಬಿಚ್ಚಿ ನೋಡಿ ತಲೆ ಕೆರೆದುಕೊಂಡ.

“ಏನ್ರಬೇ ಇದು, ರೀಲಿಗೆ ಹೋಳಿ ಆಡ್ಸೀರಿ?”

“ಭಕ್ತೀಲೆ ಹಚ್ಚೇವಪಾ,” ಎಂದಳು ಫಕೀರವ್ವ.

“ನಿಮ್ಮ ಭಕ್ತಿ ತಗಿಯಾಕ ನನಗ ಒಂಬತ್ತ ದಿನ ಬೇಕು. ಇದು ಹಣ್ಣಾದ ಮುದುಕಿ ಇದ್ದಂಗ ಐತಿ. ಒಂದ ಸಲ ಎಬ್ಬಿಸಬಹುದು. ಎರಡನೇ ಸಲ ಏಳಂಗಿಲ್ಲ. ನೋಡ್ರಿ, ನೋಡೂದು ಬೇಕೋ, ಇಟ್ಟುಕೊಳ್ಳೂದು ಬೇಕೋ.”

ಇದು ಮೊದಲನೆಯ ಗೊಂದಲ. ನೋಡದೆ ಇಟ್ಟುಕೊಂಡರೆ ಇದ್ದೂ ಇಲ್ಲದ್ದು. ನೋಡಿದರೆ ಇದ್ದದ್ದು ಹೋಗುತ್ತದೆ. ಫಕೀರವ್ವ ಎರಡು ದಿನ ಉಣ್ಣಲಿಲ್ಲ. ಒಳಗೆ ತಂಗಿಯ ಹಾಡೇ ಇದ್ದರೆ? ಹನ್ನೊಂದು ವರ್ಷ ತಾನೇ ಸುಳ್ಳಿಯಾಗಿ ಬದುಕಿದಂತೆ ಅಲ್ಲವೆ? ಮೂರನೆಯ ದಿನ ಎಮ್ಮೆಯ ಬಳಿ ಹೋಗಿ ಗಟ್ಟಿಯಾಗಿ ಹೇಳಿದಳು, “ಕ್ಯಾಸೆಟ್ಟು ಹಚ್ಚತೀವಿ. ಮದುವಿ ಹಿಂದಿನ ದಿನ, ಮಧ್ಯಾಹ್ನ. ಬರೂವ್ರು ಬರ್ರಿ.”

ಬಸಲಿಂಗವ್ವ ಬಂದಳು. ಜೋಳದ ಕೋಣೆಯ ಬಾಗಿಲು ಹಾಕಿ ಕತ್ತಲೆ ಮಾಡಿದ್ದರು. ಅಕ್ಕ ಈ ಗೋಡೆಗೆ, ತಂಗಿ ಆ ಗೋಡೆಗೆ, ನಡುವೆ ಕೊಟ್ರವ್ವ ಮತ್ತು ಇಪ್ಪತ್ತು ಜನ. ಮೈಲಾರಪ್ಪ ಗುಂಡಿ ಒತ್ತಿದ. ಮೊದಲು ಪರದೆಯ ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಆಮೇಲೆ ಅಲುಗಾಡುತ್ತ ಒಂದು ಹಂದರ. ಕುಂಕುಮ ತಿಂದಲ್ಲೆಲ್ಲ ಅಡ್ಡಗೆರೆ. ಮುಖಗಳು ಮಂಜು ಮಂಜು. ಆದರೂ ಗಾಳಿಚಿತ್ರದಲ್ಲಿ ಎಂದೂ ಕಾಣದ್ದೆಲ್ಲ ಇತ್ತು: ಉಪ್ಪಿನಕಾಯಿ ಸಾಲಲಿಲ್ಲ ಎಂದು ಯಾರೋ ಜಗಳ ತೆಗೆದದ್ದು, ಊಟದ ಸಾಲಿನ ನಡುವೆ ಹಾದುಹೋದ ನಾಯಿ, ಕ್ಯಾಮೆರಾ ಕಂಡು ಬಾಯಿಗೆ ಸೆರಗು ಮುಚ್ಚಿಕೊಂಡ ಹೆಂಗಸರು. ಪೇಟೆಯವನು ತಟ್ಟೆಗೆ ಇಳಿಸುವಾಗ ಇವನ್ನೆಲ್ಲ ಕಸವೆಂದು ಕತ್ತರಿಸಿ, ಆ ಜಾಗದಲ್ಲಿ ಉದುರುವ ಗುಲಾಬಿ ಹೂ ಹಾಕಿದ್ದನಂತೆ.

ಕೊನೆಗೆ ಹೊಸ್ತಿಲು ಬಂತು. ದುರಗವ್ವ ಬಂದಳು. ಗಾಳಿಚಿತ್ರದಲ್ಲಿ ಮೂವತ್ತೆರಡು ಹಲ್ಲಿನ ಮುದುಕಿ, ಇಲ್ಲಿ ನೋಡಿದರೆ ಎರಡೇ ಹಲ್ಲು. ದನಿ ಒಡೆದ ಮಡಕೆಯಂತಿತ್ತು. ಒಂದೊಂದೇ ನುಡಿ ಹಾಡುತ್ತ ಬಂದಳು. ಅಕ್ಕತಂಗಿ ಇಬ್ಬರೂ ಮುಂದಕ್ಕೆ ಬಾಗಿದರು.

“ತವರೂರ ದಾರಿ…” ಎಂದಳು ದುರಗವ್ವ. ನಿಂತಳು. “ತವರೂರ ದಾರಿ… ಏನಿತ್ತವ್ವ ಅದು? ಈಗ ಬಾಯಾಗಿತ್ತು.” ಹಣೆ ಬಡಿದುಕೊಂಡು ನಗತೊಡಗಿದಳು. “ಏ ತಮ್ಮಾ, ಇದನ್ನ ಹಿಡಿಬ್ಯಾಡೋ, ಬಂದ್ ಮಾಡು.” ಸುತ್ತಲಿನವರೆಲ್ಲ ನಕ್ಕರು. ಯಾರೋ ಕೂಗಿದರು, “ಇರ್ಲಿ ಬಿಡ ಆಯಿ, ಹಾಡ ಹುಡುಕೂದ್ರಾಗ ಸೊಸಿ ಒಳಗ ಬಂದ್ಲು.”

ಪಟ್ಟೆಂದು ರೀಲು ಕಡಿಯಿತು. ಪರದೆ ಕಪ್ಪಾಯಿತು. ಮೈಲಾರಪ್ಪ ಪೆಟ್ಟಿಗೆ ಬಿಚ್ಚಿದರೆ, ಒಳಗೆ ರೀಲಿನ ಕಂದು ಪುಡಿ ಮಾತ್ರ ಉಳಿದಿತ್ತು.

ಆಮೇಲೆ ಬಸಲಿಂಗವ್ವನ ದನಿ ಬಂತು, ಹನ್ನೊಂದು ವರ್ಷದಲ್ಲಿ ಮೊದಲ ಸಲ ನೇರವಾಗಿ:

“ಅಕ್ಕಾ, ಮುದಿಕಿಗೇ ಗೊತ್ತಿರಲಿಲ್ಲಲ್ಲ.”

“ಇದರ ಸಲುವಾಗಿ ಹನ್ನೊಂದ ವರ್ಷ ಎಮ್ಮಿ ಕೂಡ ಮಾತಾಡಿದ್ನಲ್ಲೇ.”

“ಎಮ್ಮಿ ನಿನಗಿಂತ ಶಾಣ್ಯಾ. ಒಂದ ದಿನಾನೂ ಎದುರಾಡಲಿಲ್ಲ.”

ಫಕೀರವ್ವ ನಗಲು ಹೋದಳು, ಆಗಲಿಲ್ಲ. “ನಿನ್ನ ಯಜಮಾನ ಹೋದ ದಿನ ಗ್ವಾಡಿ ಆ ಕಡೆ ನಿಂತಿದ್ದೆ. ಬರಬೇಕಿತ್ತು.”

“ನಿಂತಿದ್ದು ಗೊತ್ತಿತ್ತು,” ಎಂದಳು ತಂಗಿ. “ನಿನ್ನ ಕೈಯಾಗಿನ ಬಳಿ ಸಪ್ಪಳ ಕೇಳಿಸಿತ್ತು.”

ಇಲ್ಲಿಗೆ ಹಳೆಯದು ಗೆದ್ದಿತು ಎಂದು ಬರೆದು ಮುಗಿಸುತ್ತಿದ್ದೆ. ಆದರೆ ಆ ಕೋಣೆಯ ಗೋಡೆಯಲ್ಲೂ ಗಾಳಿಕಣ್ಣು ಇತ್ತು. ತನ್ನಷ್ಟಕ್ಕೆ ಎಲ್ಲವನ್ನೂ ನೋಡಿಡುವ ಕಣ್ಣು ಅದು. ಮದುವೆ ಮುಗಿದು ವಾರವಾದ ಮೇಲೆ ಅದನ್ನು ಕೇಳಿದರೆ ಅಂದಿನ ಕ್ಯಾಸೆಟ್ಟನ್ನು ತೋರಿಸಿತು: ಅಡ್ಡಗೆರೆಯಿಲ್ಲ, ಮಂಜಿಲ್ಲ, ನಾಯಿಯಿಲ್ಲ. ದುರಗವ್ವ ತುಂಬು ಹಲ್ಲಿನಲ್ಲಿ ನಿಂತು, ಅಕ್ಕನದೂ ಅಲ್ಲದ ತಂಗಿಯದೂ ಅಲ್ಲದ ಮೂರನೆಯ ಸಾಲು ಹಾಡಿ ಮುಗಿಸಿದಳು. ಇಂಪಾಗಿಯೇ ಇತ್ತಂತೆ. ಈಗಿನ ಹುಡುಗಿಯರು ಕೆಲವರು ಅದನ್ನೇ ಹಾಡುತ್ತಾರೆ. ತಪ್ಪು ಎಂದು ಹೇಗೆ ಹೇಳಲಿ? ನಾನೂ ಕತೆ ಹೇಳುವವನು, ಮರೆತಲ್ಲಿ ತೇಪೆ ಹಾಕಿಯೇ ಹೊಟ್ಟೆ ಹೊರೆದವನು. ಕೊಟ್ರವ್ವ ಒಂದು ಸಲ ದುರಗವ್ವನಿಗೆ ಎರಡು ಹಲ್ಲು ಎಂದಳು, ಇನ್ನೊಂದು ಸಲ ಮೂರು ಎಂದಳು. ಮೈಲಾರಪ್ಪನನ್ನು ಕೇಳಿದ್ದಕ್ಕೆ, “ಹಳೇದು ಚಲೋ ಅಂತ ನಾ ಅನ್ನಂಗಿಲ್ಲ. ಅದಕ್ಕ ಸುಳ್ಳು ಹೇಳಾಕ ಬರತಿರಲಿಲ್ಲ, ಅಷ್ಟ,” ಎಂದಿದ್ದನಂತೆ. ಸುಳ್ಳು ಹೇಳದ್ದು ಒಂದೇ ಸಲ ಮಾತಾಡಿ ಪುಡಿಯಾಯಿತು. ಸುಳ್ಳು ಹೇಳುವುದು ಎಂದೂ ಸಾಯುವುದಿಲ್ಲ. ಕುರುಡು ತಟ್ಟೆ ಗಿಳಿ ಕಾಯುತ್ತಿದೆ. ಮೇಲು ಯಾವುದು, ನೀವೇ ಹೇಳಿ.

ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ನೀವು ಕ್ಯಾಸೆಟ್ಟಿನ ಮೇಲೆ ‘ಅಳಿಸಬೇಡಿ’ ಎಂದು ಬರೆದಿರಿ. ಅಳಿಸುವವರಿಗೆ ಹೆದರಿದ್ದಿರಿ, ನ್ಯಾಯವೇ. ಈಗ ಇಳಿಸಲು ಕೊಡುವಾಗ ಅದರ ಕೆಳಗೆ ‘ಸೇರಿಸಬೇಡಿ’ ಎಂದೂ ಬರೆಯಿರಿ. ಮರೆತದ್ದು, ತೊದಲಿದ್ದು, ನಾಯಿ ಹಾದದ್ದು ಹಾಗೇ ಇರಲಿ. ರೀಲಿಗೆ ಕುಂಕುಮ ಹಚ್ಚಬೇಡಿ, ಡಬ್ಬಿಗೆ ಹಚ್ಚಿದರೆ ಸಾಕು.

ಕ್ಯಾಸೆಟ್ಟು ಕಡಿದ ಮರುದಿನ ಬೆಳಿಗ್ಗೆ ಹಂಪವ್ವನ ಬಂಡಿ ಬಂತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಹಿಂದಿನ ಮಧ್ಯಾಹ್ನ ಕೋಣೆಯಲ್ಲಿದ್ದ ಇಪ್ಪತ್ತೂ ಜನ ಬಾಗಿಲ ಸುತ್ತ ನಿಂತಿದ್ದರು. ಅಕ್ಕ ಬಾಗಿಲ ಈಚೆ, ತಂಗಿ ಆಚೆ, ಇಬ್ಬರೂ ಒಂದೇ ದನಿಯಲ್ಲಿ ಹಾಡಿದರು. ‘ತವರೂರ ದಾರಿ’ ಬಂದಾಗ ಇಬ್ಬರೂ ನಿಂತರು. ಬಸಲಿಂಗವ್ವ ಹಣೆ ಬಡಿದುಕೊಂಡು “ಏನಿತ್ತವ್ವ ಅದು?” ಎಂದಳು. ನಿಂತವರೆಲ್ಲ ಗೊಳ್ಳೆಂದು ನಕ್ಕರು. ಆ ನಗೆಯ ನಡುವೆ ಹಂಪವ್ವ ತಿರುಗಿ, ತಾನು ಬಂದ ದಾರಿಯನ್ನು ಒಮ್ಮೆ ನೋಡಿದಳು. ಆಮೇಲೆ ಬಲಗಾಲಿನಿಂದ ಸೇರನ್ನು ಒದ್ದಳು. ಅಕ್ಕಿ ನಡುಗೋಡೆಯ ಎರಡೂ ಕಡೆಗೆ ಉರುಳಿತು.