ತಿಮಿಂಗಿಲದ ಮೇಲೆ ರಂಗೋಲಿ

ಮಾರ್ಚ್ 4, 2025. ಮಂಗಳವಾರ

ಬಿ.ಪಿ. 138/84. ಪರವಾಗಿಲ್ಲ. ಮಾತ್ರೆ ನುಂಗಿದೆ, ನಮ್ಮವರಿಗೂ ನುಂಗಿಸಿದೆ. ಎಂಟಕ್ಕೆ ಬರುತ್ತೇನೆ ಅಂದ ಪೇಂಟರ್ ಹತ್ತೂಕಾಲಿಗೆ ಬಂದ. ಆದರೂ ಒಳ್ಳೆಯವನು, ನಾನು ಹೇಳುವ ಮೊದಲೇ ಬಾಗಿಲಲ್ಲಿ ಶೂ ಬಿಚ್ಚಿದ. ಹಾಲ್‌ನದು ಮೂರು ದಿನದ ಕೆಲಸವಂತೆ. ಫ್ರೇಮುಗಳನ್ನೆಲ್ಲ ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿದ್ದಾಯಿತು. ನಮ್ಮ ಉಮಾಶಂಕರರು ತಟ್ಟೆ ಹಿಡಿದು ಟಿ.ವಿ. ಮುಂದೆ ಕೂತರು. ಮದುವೆಯಾದಾಗಿನಿಂದ ನಾನು ಬೇಡ ಅನ್ನುತ್ತ ಬಂದ ಕೆಲಸ, ಇವತ್ತು ನನ್ನ ಕೈಯಾರೆ ಆಯಿತು. ಮುಖ ನೋಡಬೇಕಿತ್ತು, ರಿಟೈರ್ ಆದ ದಿನ ಕೂಡ ಅಷ್ಟು ಖುಷಿಯಾಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಬಂಡೆಯ ಮೇಲಿನ ತಿಮಿಂಗಿಲದ ಫೋಟೋ ಇರುವ ಫ್ರೇಮು. ಒರೆಸುವಾಗ ಹಿಂದಿನ ರಟ್ಟು ಕಿತ್ತು ಬಂತು. ಒಳಗೆ ನನ್ನದೇ ಅಕ್ಷರ — ಜೂನ್ 1991, ಸಿಡ್ನಿ. ಕೆಳಗೆ, ಫೋಟೋದಲ್ಲಿ ನಿಂತಿರುವ ಆ ಹೆಂಗಸಿನ ಹೆಸರು. ಬರೆದದ್ದೇ ಮರೆತಿತ್ತು. ನಮ್ಮ ಮನೆಯಲ್ಲಿ ಆಕೆಗೆ ಯಾವಾಗಲೂ ನಾವಿಟ್ಟ ಹೆಸರೇ, ಕಲ್ಲವ್ವ.

ಮಾರ್ಚ್ 9, ಭಾನುವಾರ

ಮಗಳು ಅಪೂರ್ವಾ ಊಟಕ್ಕೆ ಬಂದಿದ್ದಳು, ಲಂಡನ್ನಿನ ಆ ತುದಿಯ ಕೊಲಿಂಡೇಲ್‌ನಿಂದ. ಬದನೆಕಾಯಿ ಎಣಗಾಯಿ, ಜೋಳದ ರೊಟ್ಟಿ. ಎರಡು ರೊಟ್ಟಿ ತಿಂದಳು, ನಾಲ್ಕು ಕಟ್ಟಿಕೊಂಡಳು. ಫೋಟೋ ಹಿಡಿದು ಕೇಳಿದಳು, “ಅಮ್ಮಾ, ಈ ಲೇಡಿ ಯಾರು, ರಿಯಲೀ?”

ಮನೆಗೆ ಬಂದವರಿಗೆಲ್ಲ ನಾನು ಹೇಳುವುದು ಅರ್ಧ ಕಥೆ. ಮಗಳಿಗೆ ಇವತ್ತು ಪೂರ್ತಿ ಹೇಳಿದೆ. ಇಲ್ಲೂ ಬರೆದೇ ಬಿಡುತ್ತೇನೆ.

ಇವರಿಗೆ ಸಿಡ್ನಿಯ ಆಸ್ಪತ್ರೆಯಲ್ಲಿ ಒಂದು ವರ್ಷದ ಕೆಲಸ, ಅರಿವಳಿಕೆ ವಿಭಾಗದಲ್ಲಿ. ಲಂಡನ್ನಿಗೆ ಬರುವ ಮೊದಲು. ಒಂದು ಭಾನುವಾರ ಯಾರದೋ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮುಗಿಸಿ, ರೇಷ್ಮೆ ಸೀರೆಯಲ್ಲೇ ಕಾಡು ನೋಡಲು ಹೋದೆವು. ನೀಲಗಿರಿ ಮರಗಳ ನಡುವೆ ದೊಡ್ಡ ಹಾಸುಬಂಡೆ. ಅದರ ಮೇಲೆ ಅಲ್ಲಿಯ ಮೂಲನಿವಾಸಿಗಳು ಕೆತ್ತಿದ ತಿಮಿಂಗಿಲ, ನಮ್ಮ ಕಾರಿಗಿಂತ ಉದ್ದ. ಎಷ್ಟು ಸಾವಿರ ವರ್ಷದ್ದೋ. ಆದರೆ ನಡು ಮಧ್ಯಾಹ್ನ, ಕಣ್ಣು ಕುಕ್ಕುವ ಬಿಸಿಲು. ಗೆರೆಗಳೇ ಕಾಣವು. ಇವರು ಹೊಸ ಕ್ಯಾಮೆರಾ ಹಿಡಿದು ಗೊಣಗುತ್ತಿದ್ದರು. ನನ್ನ ಚೀಲದಲ್ಲಿ ಪೂಜೆಗೆ ಒಯ್ದು ಉಳಿದ ರಂಗೋಲಿ ಹಿಟ್ಟು. ಕೂತೆ. ಬೆನ್ನು, ಬಾಲ, ರೆಕ್ಕೆ — ಗೆರೆಗಳಿಗೆಲ್ಲ ಹಿಟ್ಟು ತುಂಬಿದೆ. ಚಂದ ಕಂಡಿತು. ಹಣೆಗೆ ಕುಂಕುಮವನ್ನೂ ಇಟ್ಟೆ! ಇವರು ಕ್ಲಿಕ್ ಮಾಡಿದರು. ಆ ಕ್ಷಣಕ್ಕೆ ಬಂಡೆಯ ಅಂಚಿಗೆ ಬಂದು ನಿಂತವಳು ಕಲ್ಲವ್ವ. ಖಾಕಿ ಅಂಗಿ, ಅಗಲ ಟೋಪಿ, ಸೊಂಟದ ಮೇಲೆ ಕೈ. ಆ ಜಾಗ ಆಕೆಯ ಜನರದು, ಆಕೆ ಅಲ್ಲಿಯ ಗೈಡ್.

ಕೂಗಾಡಲಿಲ್ಲ. “ನಿನ್ನ ಅಜ್ಜಿಯ ಮುಖಕ್ಕೆ ಯಾರಾದರೂ ಕೇಳದೆ ಪೌಡರ್ ಬಳಿದರೆ ಹೇಗಿರುತ್ತೆ?” ಅಂದಳು, ಅಷ್ಟೇ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಬಾಟಲಿ ಕೊಟ್ಟಳು. ತಿಕ್ಕಬೇಡ, ಕಲ್ಲು ಸವೆಯುತ್ತದೆ, ಮೆಲ್ಲಗೆ ನೀರು ಬಿಡು, ಒತ್ತಿ ತೆಗೆ ಅಂದಳು. ಸೆರಗಿನಿಂದಲೇ ಒತ್ತಿದೆ. ಅರ್ಧ ಗಂಟೆ ಅಳುತ್ತ ತೊಳೆದೆ.

ಆಮೇಲೆ “ಹೋಗಿ” ಅನ್ನಬಹುದಿತ್ತಲ್ಲ, ಅನ್ನಲಿಲ್ಲ. “ಬನ್ನಿ” ಅಂದು ಕೆಳಗಿನ ಗವಿಗೆ ಕರೆದೊಯ್ದಳು. ಗೋಡೆಯ ತುಂಬ ಕೈಗಳು! ಕೈಯನ್ನು ಕಲ್ಲಿಗಿಟ್ಟು, ಬಾಯಿಂದ ಬಣ್ಣ ಊದಿ ಮೂಡಿಸಿದ್ದಂತೆ. ಒಂದು ಕೈ ತೀರ ಪುಟ್ಟದು, ಎರಡು ವರ್ಷದ ಮಗುವಿನದಿರಬೇಕು. ಯಾರೋ ತಾಯಿ ಅದನ್ನು ಅಲುಗದಂತೆ ಹಿಡಿದಿರಬೇಕು. ಇಷ್ಟು ಹೇಳಬಹುದು, ಇದರ ಮುಂದಿನದು ಹೇಳುವಂತಿಲ್ಲ ಅಂದು ಕಲ್ಲವ್ವ ಕಥೆ ನಿಲ್ಲಿಸಿದಳು. ತಪ್ಪು ಮಾಡಿದವಳಿಗೆ ಇಷ್ಟೆಲ್ಲ ತೋರಿಸಿದಳು. ನನ್ನ ಜನ್ಮದಲ್ಲಿ ನನ್ನನ್ನು ಬೈದವರು ಬಹಳ, ಹೀಗೆ ಬೈದವಳು ಒಬ್ಬಳೇ.

ಅಪೂರ್ವಾ ಬಾಯಿ ತೆರೆದು ಕೂತಿದ್ದಳು. “ಡಿಡ್ ಯು ಎವರ್ ಥ್ಯಾಂಕ್ ಹರ್?”

ಇಲ್ಲ. ಸಂಜೆ ಇವರಿಗೆ ಡ್ಯೂಟಿ ಇತ್ತು. ಗಡಿಬಿಡಿಯಲ್ಲಿ ಓಡಿದೆವು. ಸಾರಿ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ.

ಮಗಳು ಅಲ್ಲೇ ಫೋನಿನಲ್ಲಿ ಆ ಪಾರ್ಕಿನ ಆಫೀಸು ಹುಡುಕಿದಳು. ಇಮೇಲ್ ಹೋಯಿತು. ಆಕೆ ಇದ್ದರೆ ಎಪ್ಪತ್ತೈದರ ಮೇಲಿರಬೇಕು. ಇರಲಿ, ದೇವರೇ.

ಮಾರ್ಚ್ 14, ಶುಕ್ರವಾರ

ಇಲ್ಲ. ಹೋದ ನವೆಂಬರಿನಲ್ಲಿ ತೀರಿಕೊಂಡರಂತೆ. ನಾಲ್ಕೇ ತಿಂಗಳು ತಡ ಮಾಡಿದೆ. ಅಡುಗೆಮನೆಯಲ್ಲಿ ನಿಂತು ಅತ್ತೆ. ಕುಕ್ಕರ್ ಎಷ್ಟು ಸೀಟಿ ಹಾಕಿತೋ ತಿಳಿಯಲಿಲ್ಲ, ಬೇಳೆ ಪಾಯಸವಾಗಿತ್ತು.

ಪಾರ್ಕಿನ ಆಫೀಸಿನವರು ಕಲ್ಲವ್ವನ ತಂಗಿಯ ಮಗಳ ಇಮೇಲ್ ವಿಳಾಸ ಕೊಟ್ಟಿದ್ದಾರೆ, ಅವಳನ್ನು ಕೇಳಿಯೇ. ಹೆಸರು ಲೀಯಾನ್.

ಹೊಸ ಗೋಡೆಗೆ ಎಲ್ಲಕ್ಕಿಂತ ಮೊದಲು ಕಲ್ಲವ್ವನ ಫೋಟೋವನ್ನೇ ಹಾಕಿದೆ. ಅತ್ತೆಯವರ ಫೋಟೋಕ್ಕೆ ಅಂತ ಟೂಟಿಂಗ್‌ನ ಅಂಗಡಿಯಿಂದ ತಂದ ಗಂಧದ ಹಾರ ಇತ್ತು, ಅದನ್ನು ಹಾಕಿದೆ. ತುಪ್ಪದ ದೀಪ. ಅತ್ತೆಯವರು ಇನ್ನೊಂದು ವಾರ ಹಳೆಯದರಲ್ಲೇ ಇರಲಿ, ಬೇಜಾರು ಮಾಡಿಕೊಳ್ಳುವವರಲ್ಲ. ನಮ್ಮ ಮನೆಯಲ್ಲಿ ನಿಮ್ಮ ದೊಡ್ಡಮ್ಮನಿಗೆ ಹೀಗೆ ಮರ್ಯಾದೆ ಮಾಡಿದ್ದೇವೆ ಅಂತ ಬರೆದು, ಅದರ ಫೋಟೋ ತೆಗೆದು ಲೀಯಾನ್‌ಗೆ ಕಳಿಸಲು ಕೂತೆ.

ಇವರು ಹಿಂದೆ ಬಂದು ನಿಂತರು. “ಅವರ ಕಡೆ ಪದ್ಧತಿ ಹೆಂಗದನೋ ಏನೋ. ಒಂದ್ ಮಾತ್ ಕೇಳಿ ಕಳಸು, ಶೋಭಾ.”

“ಹಾರ ಹಾಕಲಿಕ್ಕೂ ಯಾರನ್ನರ ಕೇಳ್ತಾರೇನ್ರಿ? ಸುಮ್ನಿರ್ರಿ.”

ಕಳಿಸಿದೆ. ಮನಸ್ಸು ಹಗುರ.

ಮಾರ್ಚ್ 15, ಶನಿವಾರ

ಬೆಳಿಗ್ಗೆ ಉತ್ತರ ಬಂದಿದೆ. ಏಳೆಂಟು ಸಾಲು. ಒಂದು ಕೆಟ್ಟ ಮಾತಿಲ್ಲ.

ಎಲ್ಲ ಕುಟುಂಬಗಳಲ್ಲೂ ಹೀಗಿಲ್ಲವಂತೆ, ಅವರಲ್ಲಿ ಇದೆಯಂತೆ — ಹೋದವರ ಚಿತ್ರ ಎದುರಿಗಿಡುವುದಿಲ್ಲ, ಹೆಸರು ಕರೆಯುವುದಿಲ್ಲ. ಹತ್ತಿರದವರು ಇನ್ನು ಸಾಕು ಅನ್ನುವ ತನಕ. ನನ್ನ ಮೇಲ್ ತೆರೆದಾಗ ಲೀಯಾನ್‌ಳ ತಾಯಿ ಪಕ್ಕದಲ್ಲೇ ಕೂತಿದ್ದರಂತೆ. ಎಂಬತ್ತು ದಾಟಿದವರು, ಒಡಹುಟ್ಟಿದವರು. ನೋಡಿಬಿಟ್ಟರಂತೆ. ಎದ್ದು ಕೋಣೆಗೆ ಹೋದವರು ಊಟಕ್ಕೂ ಬರಲಿಲ್ಲವಂತೆ. ದಯವಿಟ್ಟು ಇಳಿಸಿ, ಯಾರಿಗೂ ಕಳಿಸಬೇಡಿ ಅಂತ ಬರೆದಿದ್ದಾಳೆ.

ಹಾರವನ್ನು ಇವರೇ ತೆಗೆದರು. ಹೊಸ ಬಿಳಿ ಪಂಚೆಯಲ್ಲಿ ಫ್ರೇಮು ಸುತ್ತಿ ಅಲಮಾರಿಯಲ್ಲಿಟ್ಟೆವು. ಸುತ್ತುವ ಮೊದಲು ಹಿಂಬದಿಯಲ್ಲಿ ಬರೆದಿದ್ದ ಹೆಸರಿನ ಮೇಲೆ ಕಾಗದ ಅಂಟಿಸಿದೆ. ನಾನು ಮೊದಲೇ ಹೇಳಿರಲಿಲ್ಲವೇ ಅಂತ ಇವರು ಅನ್ನಲಿಲ್ಲ. ಚಹಾ ಮಾಡಿ ತಂದರು, ಸಕ್ಕರೆ ಮರೆತು. ಈ ಮನುಷ್ಯ ಸಿಕ್ಕಿದ್ದು ನನ್ನ ಪುಣ್ಯ.

ಕ್ಷಮಾಪಣೆ ಎರಡು ಪುಟ ಬರೆದೆ. ಓದಿ, “ಇದರಾಗ ನಿನ್ನ ಸಂಕಟನೇ ಭಾಳ ಅದ. ಅವರದು ಎಲ್ಲದ?” ಅಂದರು. ಹೌದು. ಅಳಿಸಿದೆ. ಮೂರು ಸಾಲು ಉಳಿಯಿತು, ಅದನ್ನೇ ಕಳಿಸಿದೆ.

ಅದೇ ಬಂಡೆ, ಅದೇ ಹೆಂಗಸು, ಎರಡನೇ ಸಲ ಅದೇ ತಪ್ಪು. ಮೂವತ್ತೆರಡರಲ್ಲಿ ಬರದ ಬುದ್ಧಿ ಅರವತ್ತಾರಕ್ಕೂ ಬಂದಿಲ್ಲ.

ಏಪ್ರಿಲ್ 2, ಬುಧವಾರ

ಉತ್ತರವಿಲ್ಲ. ಕೇಳುವ ಹಕ್ಕು ನನಗಿಲ್ಲ. ಆದರೂ ಫೋನು ಟಣ್ ಅಂದಾಗಲೆಲ್ಲ ಓಡುತ್ತೇನೆ. ಡಾಕ್ಟರ ಕ್ಲಿನಿಕ್ಕು, ಊರ ಕೌನ್ಸಿಲ್, ಪಿಜ್ಜಾದವರು — ಎಲ್ಲರೂ ನನ್ನನ್ನು ನೆನೆಸುತ್ತಾರೆ.

ಬಿ.ಪಿ. 152/90.

ಮೇ 11, ಭಾನುವಾರ

ಮೀರಾ, ರಾಮಪ್ರಸಾದ್ ಬಂದಿದ್ದರು. ನಮ್ಮ ರಸ್ತೆಯವರೇ, ಮೈಸೂರಿನ ಡಾಕ್ಟರ್ ದಂಪತಿ. ಮೀರಾಳ ಕಣ್ಣು ಖಾಲಿ ಮೊಳೆಯ ಮೇಲೆ.

“ಶೋಭಾ, ಆ ರಂಗೋಲಿ ತಿಮಿಂಗಿಲ ಎಲ್ಲಿ ಹೋಯ್ತು? ನಮ್ಮ ಸೊಸೆಗೆ ತೋರಿಸ್ಬೇಕು ಅಂತಿದ್ದೆ.”

“ಒಳಗ ಇಟ್ಟೀನಿ, ಮೀರಾ. ಈಗ ತೋರಿಸೋ ಹಂಗಿಲ್ಲ.”

“ಅಯ್ಯೋ, ಒಂದ್ನಿಮಿಷ ತೆಗೀರಿ, ನೋಡಿ ಇಟ್ಬಿಡೋಣ.”

“ಅವರ ಮನ್ಯಾವರು ಬ್ಯಾಡ ಅಂದಾರ.”

ಯಾರ ಮನೆಯವರು ಅಂತ ಕೇಳಿದಳು. ಹೇಳಿದೆ. ಹಿಟ್ಟು, ಕುಂಕುಮ, ಬೈಸಿಕೊಂಡದ್ದು, ಹಾರ, ಎಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ನನ್ನ ಕಲಾಕೌಶಲವನ್ನು ಹೊಗಳಿ ಹೋದವಳು ಮೀರಾ. ಇವತ್ತು ಹೋಗುವಾಗ ಕೈ ಒತ್ತಿ ಹೋದಳು. ಸ್ವಲ್ಪ ಹೊತ್ತು ಉಸಿರಾಟ ಸಲೀಸಾಯಿತು.

ಜೂನ್ 21, ಶನಿವಾರ. ಬೆಳಿಗ್ಗೆ 6.40

ಲೀಯಾನ್ ಬರೆದಿದ್ದಾಳೆ!!

ಮೂರು ಸಾಲಿನ ನನ್ನ ಪತ್ರವನ್ನು ತಾಯಿಗೆ ಆಗಲೇ ಓದಿ ಹೇಳಿದ್ದಳಂತೆ. ಅವರು ಮೊನ್ನೆ ತಾವಾಗಿ ಕೇಳಿದರಂತೆ — ಆ ಇಂಗ್ಲೆಂಡಿನ ಹೆಂಗಸಿನ ಹತ್ತಿರ ಫೋಟೋ ಇನ್ನೂ ಇದೆಯಾ, ಸುಟ್ಟುಗಿಟ್ಟು ಹಾಕಿಲ್ಲ ತಾನೆ? ಆ ಬಂಡೆಯ ಮೇಲೆ ಅಕ್ಕ ನಿಂತಿರುವ ಫೋಟೋ ಅವರ ಮನೆಯಲ್ಲಿ ಒಂದೂ ಇಲ್ಲವಂತೆ. ನೋಡಲು ಸಿದ್ಧರಿದ್ದಾರಂತೆ. ನಾಳೆಯಲ್ಲ, ಮುಂದಿನ ಭಾನುವಾರ ವಿಡಿಯೋ ಕಾಲ್, ನಮ್ಮ ಬೆಳಗಿನ ಒಂಬತ್ತಕ್ಕೆ.

ಇವರನ್ನು ಎಬ್ಬಿಸಿ ಓದಿದೆ. ಕನ್ನಡಕ ಇಲ್ಲದೆ ಕೂತು ಕೇಳಿ, ಇನ್ನೊಮ್ಮೆ ಓದು ಅಂದರು. ದೇವರ ಮುಂದೆ ಬಹಳ ಹೊತ್ತು ನಿಂತೆ. ಬೇಡಲು ಏನೂ ತೋಚಲಿಲ್ಲ.

ಜೂನ್ 29, ಭಾನುವಾರ. 8.35

ಐಪ್ಯಾಡನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿದ್ದೇನೆ. ಫ್ರೇಮು ಪಂಚೆಯಲ್ಲೇ ಇದೆ, ಅವರು ಹೇಳಿದ ಮೇಲೆ ಬಿಚ್ಚುವುದು. ಏನೂ ಹೊಸದು ಮಾಡಬಾರದು. ಹೂ ಬೇಡ, ದೀಪ ಬೇಡ. ನನ್ನನ್ನು ಕಂಡು ಮತ್ತೆ ಎದ್ದು ಹೋದರೆ?

11.30

ಹೋಗಲಿಲ್ಲ.

ಲೀಯಾನ್ ನಮ್ಮ ಅಪೂರ್ವಾಳಿಗಿಂತ ದೊಡ್ಡವಳು, ನಗುಮುಖ. ಪಕ್ಕದಲ್ಲಿ ತಾಯಿ, ಮೊಣಕಾಲ ಮೇಲೆ ಕಂಬಳಿ. ಅಲ್ಲಿ ಚಳಿ. “ಬಿಚ್ಚು” ಅಂದರು. ಬಿಚ್ಚಿದೆ. ಹಿಡಿದುಕೊಂಡು ನಿಂತೆ. ತಾಯಿ ಹತ್ತಿರ ಬಂದರು, ಇನ್ನೂ ಹತ್ತಿರ, ಕೊನೆಗೆ ಪರದೆಯ ತುಂಬ ಬಿಳಿ ಕೂದಲಷ್ಟೇ. ನನ್ನ ತೋಳು ನೋಯತೊಡಗಿತು, ಇಳಿಸಲಿಲ್ಲ.

ಆಮೇಲೆ ನಕ್ಕರು! ಕೆಮ್ಮು ಬರುವಷ್ಟು ನಕ್ಕರು. “ಲೀಯಾನ್, ಇವಳು ಹಿಟ್ಟಿನ ಹೆಂಗಸು ಕಣೇ!”

ಲೀಯಾನ್ ಕಿರುಚಿಯೇ ಬಿಟ್ಟಳು. ಅವರ ಮನೆಯಲ್ಲಿ ನನಗೆ ಅದೇ ಹೆಸರಂತೆ. ಪ್ರತಿ ಕ್ರಿಸ್‌ಮಸ್‌ಗೂ ಕಲ್ಲವ್ವ ಆ ಕಥೆ ಹೇಳುತ್ತಿದ್ದಳಂತೆ — ಕಾಡಿಗೆ ರೇಷ್ಮೆ ಉಟ್ಟು ಬಂದವಳು, ತಿಮಿಂಗಿಲಕ್ಕೆ ಬೊಟ್ಟು ಇಟ್ಟವಳು. ಮಕ್ಕಳೆಲ್ಲ ಅದನ್ನು ಕೇಳುತ್ತಲೇ ಬೆಳೆದವರು. ನಮಗೆ ಗವಿ ಯಾಕೆ ತೋರಿಸಿದಳು ಅಂತ ಕೇಳಿದೆ. “ಅದು ತಪ್ಪು ಅಂತ ಹೇಳಿದಾಗ ಎಲ್ಲರೂ ವಾದಕ್ಕೆ ನಿಲ್ಲುತ್ತಿದ್ದರು. ನೀನು ಮೊಣಕಾಲೂರಿ ತೊಳೆದೆಯಂತೆ. ಇವಳಿಗೆ ತೋರಿಸಬಹುದು ಅಂತ ಅಕ್ಕನಿಗೆ ಅನ್ನಿಸಿತಂತೆ.”

ಎರಡು ಸಲ ಸಾರಿ ಕೇಳಿದೆ, ಹಿಟ್ಟಿಗೊಂದು, ಹಾರಕ್ಕೊಂದು. “ಹಿಟ್ಟು ಅವತ್ತೇ ಹೋಯಿತು. ಹಾರ ಚಂದವೇ ಇತ್ತು. ಆದರೆ ಮೊದಲು ಕೇಳಬೇಕು, ಮಗಳೇ.” ಈ ವಯಸ್ಸಿನಲ್ಲಿ ನನ್ನನ್ನು ಮಗಳೇ ಅನ್ನುವವರು ಇನ್ನೊಬ್ಬರು ಸಿಕ್ಕರು. ಅಳು ಬಂತು, ತಡೆಯಲಿಲ್ಲ. ಥ್ಯಾಂಕ್ಸ್ ಅಂದೆ. ಆಕೆಗೆ ಹೇಳಬೇಕಾಗಿದ್ದನ್ನು ಒಡಹುಟ್ಟಿದವರಿಗೆ ಹೇಳಿದೆ. ಮೂವತ್ತನಾಲ್ಕು ವರ್ಷದ್ದು ಸೇರಿಸಿ.

ಫೋಟೋ, ನೆಗೆಟಿವ್, ಎರಡೂ ಅವರಿಗೇ ಹೋಗುತ್ತವೆ. ನಾನೇ ಕೇಳಿದೆ, ಕಳಿಸಲೇ ಅಂತ. ಹೂಂ ಅಂದರು. ಅಪೂರ್ವಾ ನಾಳೆ ಪ್ಯಾಕ್ ಮಾಡಿಸುತ್ತಾಳೆ.

ಕಾಲ್ ಮುಗಿಸುವ ಮೊದಲು ಆ ತಾಯಿ ಕಣ್ಣು ಮುಚ್ಚಿ ಅಕ್ಕನ ಹೆಸರು ಹೇಳಿದರು. ನವೆಂಬರಿನಿಂದ ಮೊದಲ ಸಲ. ಲೀಯಾನ್ ಬಾಯಿಗೆ ಕೈ ಇಟ್ಟುಕೊಂಡಳು. “ಈಗ ನೀನೂ ಹೇಳು” ಅಂದರು. ಹೇಳಿದೆ. ಬಾಗಿಲ ಹಿಂದೆ ನಿಂತಿದ್ದ ಇವರೂ ಮೆಲ್ಲಗೆ ಹೇಳಿದ್ದು ಕೇಳಿಸಿತು.

ಆ ಹೆಸರನ್ನು ಈ ಪುಟದಲ್ಲಿ ಬರೆದಿಡಬೇಕು ಅಂತ ಆಸೆ. ಪೆನ್ನು ಊರಿದ್ದೂ ಆಯಿತು. ಆದರೆ ಅವರು ಹೇಳು ಅಂದರು, ಬರೆ ಅನ್ನಲಿಲ್ಲ. ಕೇಳುವುದನ್ನು ಮರೆತೆ. ಲೀಯಾನ್‌ಗೆ ಈಗ ಮೆಸೇಜ್ ಹಾಕಿದ್ದೇನೆ. ಅಲ್ಲಿ ರಾತ್ರಿ ಎಂಟೂವರೆ, ಇನ್ನೂ ಮಲಗಿರಲಿಕ್ಕಿಲ್ಲ. ಅವಳು ಹೂಂ ಅನ್ನುವ ತನಕ ಈ ಸಾಲು —