ಮೆಂತೆ ಇಲ್ಲದೆ ಹತ್ತಿದ ಬೆಟ್ಟ

ಫರ್ವಾನಿಯಾ, ಕುವೈತ್
2 ನವೆಂಬರ್ 2025

ಪ್ರೀತಿಯ ಸುಲೈಖಾ,

ಅಸ್ಸಲಾಮು ಅಲೈಕುಂ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದವನು ನನ್ನ ತಂಗಿಯ ಮಗ ಅಝರುದ್ದೀನ್. "ಮಾಮಾ, ಫೋನಲ್ಲಿ ಮಾಮಿ ನಿಮ್ಮನ್ನು ಮಾತು ಮುಗಿಸ್ಲಿಕ್ಕೆ ಬಿಡುದಿಲ್ಲ, ಕಾಗದ ಬರೀರಿ" ಅಂತ. ನಾಡಿದ್ದು ಊರಿಗೆ ಹೊರಟಿದ್ದಾನೆ, ಕೈಯಲ್ಲೇ ಕೊಡುತ್ತಾನೆ. ಬೆರಳು ನೋಯುತ್ತಿದೆ, ಸಿಟ್ಟೂ ಬರುತ್ತಿದೆ. ನಿನ್ನ ಶುಗರ್ ಹೇಗಿದೆ? ಬೆಳಗಿನ ಮಾತ್ರೆ ಮರೆತರೆ ನನಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡ.

ಈಗ ಬಾಯಿ ಮುಚ್ಚಿ ಓದು. ನನ್ನನ್ನು ಕೆಲಸಕ್ಕಿಟ್ಟ ಯಜಮಾನ, ಕಫೀಲನ ಮನೆಯವರು ರಜೆಗೆ ಸೀಶೆಲ್ಸ್ ದ್ವೀಪಕ್ಕೆ ಹೋದಾಗ ಸಾಮಾನು ನೋಡಿಕೊಳ್ಳಲು ಡ್ರೈವರಾದ ನನ್ನನ್ನೂ ಕರೆದೊಯ್ದರಲ್ಲ, ಅಲ್ಲೊಂದು ಬೆಟ್ಟ. ಲೋಕದಲ್ಲಿ ಬೇರೆಲ್ಲೂ ಇಲ್ಲದ ಜೀವಗಳಿವೆಯೆಂದು ಇಡೀ ಕಾಡಿಗೆ ಸರಕಾರದ ಕಾವಲು. ಹತ್ತುವ ಮೊದಲು ಗೈಡ್ ಹೆಂಗಸು ನಮ್ಮ ಚಪ್ಪಲಿ-ಬೂಟಿನ ಅಡಿ ಉಜ್ಜಿಸಿ, ಜೇಬು ಖಾಲಿ ಮಾಡಿಸಿದಳು. ನನ್ನ ಜೇಬಿನಿಂದ ನೀನು ಕಟ್ಟಿಕೊಟ್ಟ ಮೆಂತೆಯ ಪೊಟ್ಟಣ ಬಂತು. ಹೊರಗಿನ ಒಂದು ಬೀಜವೂ ಮೇಲೆ ಹೋಗಬಾರದಂತೆ. ಮೊಣಕಾಲಿನ ಮದ್ದು ಎಂದು ಎಷ್ಟು ಜಗಳ ಮಾಡಿದರೂ ಡಬ್ಬಿಗೆ ಹಾಕಿ ಬೀಗ ಹಾಕಿದಳು. "ಮೆಂತೆ ಬಿಟ್ರೆ ಕುಂಟ್ತೀರಿ" ಎಂಬ ನಿನ್ನ ಮಾತು ಕಿವಿಯಲ್ಲಿತ್ತು. ಆದರೂ ಹೊರಟೆ.

ಅರ್ಧ ದಾರಿಯಲ್ಲಿ ಕಫೀಲನ ಇಬ್ಬರು ಗಂಡುಮಕ್ಕಳು, ಎತ್ತಿನಂಥವರು, ಖಲಾಸ್ ಎಂದು ಕೂತುಬಿಟ್ಟರು. ನಾನು ಯಲ್ಲಾ, ನಡಿ ಎಂದು ಮುಂದೆ ಹತ್ತಿದೆ. ಜಾರುವ ಬಂಡೆ, ಹಾವಿನಂಥ ಬೇರು, ಮೇಲೆ ಮಂಜು. ತುದಿಯಲ್ಲಿ ಆ ಹೆಂಗಸು ತರಗೆಲೆ ಸರಿಸಿ ತೋರಿಸಿದಳು: ಒಂದು ಕಪ್ಪೆ. ಪೂರಾ ಬೆಳೆದದ್ದಂತೆ, ನನ್ನ ಕಿರುಬೆರಳಿನ ಉಗುರಿನಷ್ಟು! ಅದಕ್ಕೂ ಒಂದು ಗಂಟಲು, ಚೀಂ ಎಂದು ಕೂಗಿತು. ಚೆನ್ನಾಗಿ ನೋಡಿ ತಲೆ ಎತ್ತುತ್ತೇನೆ, ನಾನು ಎರಡೂ ಮಂಡಿ ಊರಿ ಕೂತಿದ್ದೇನೆ. ಐದು ವರ್ಷದಿಂದ ಕುರ್ಚಿಯ ಮೇಲೆ ನಮಾಜ್ ಮಾಡುವವನು! ಸಂಜೆಯ ಅಸರ್ ನಮಾಜನ್ನು ಅಲ್ಲೇ, ನೆಲಕ್ಕೆ ಹಣೆ ಮುಟ್ಟಿಸಿ ಮಾಡಿದೆ. ಇಳಿಯುವಾಗ ಪೊಟ್ಟಣ ವಾಪಸು ಕೇಳಲೂ ಇಲ್ಲ.

ಮಗಳು ಸಮೀನಾಗೆ, ಮೊಮ್ಮಕ್ಕಳಿಗೆ ನನ್ನ ದುವಾ.

ನಿನ್ನ
ಮಹಮ್ಮದ್ ಕುಂಞಿ

ಮರೆತೆ: ಇಲ್ಲಿರುವ ಪರವಾನಗಿ, ಇಕಾಮಾ, ಇನ್ನೆರಡು ವರ್ಷ ಮುಂದುವರಿಸುವ ಕಾಗದ ಮೇಜಿನ ಮೇಲಿದೆ, ಸಹಿ ಹಾಕಿಲ್ಲ. ಕಾಲು ಹೋಯಿತು, ಬಿಟ್ಟು ಬನ್ನಿ ಎಂದು ತಾಯಿ-ಮಗಳು ಕರೆದಾಗ ನಾನು ಬರಲಿಲ್ಲ. ಈಗ ಕಾಲು ಇದೆ, ಬರುತ್ತೇನೆ. ಆದರೆ ನಮ್ಮ ಅಡುಗೆಮನೆ ಕಿಟಕಿಯಿಂದ ಮೂವತ್ತೈದು ವರ್ಷ ಬರೇ ನೋಡಿದೆಯಲ್ಲ, ಆ ಗಡಾಯಿಕಲ್ಲು ಬೆಟ್ಟವನ್ನು ನನ್ನ ಜೊತೆ ನೀನೂ ಹತ್ತಬೇಕು. ಹತ್ತುತ್ತೀಯೋ ಇಲ್ಲವೋ, ಒಂದೇ ಮಾತು. ನವೆಂಬರ್ 15ರೊಳಗೆ ಉತ್ತರ ಬರಬೇಕು, ಆ ಕಾಗದಕ್ಕೆ ಅದೇ ಕೊನೆ ದಿನ.